ಎಲುಬು ಕೂಡಿಸುವ ಹೊತ್ತಿನ ಪದ್ಯ

ಮೆಟ್ಟಿಲು ಜಾರಿ ಬಿದ್ದು ಬಸಲಿಂಗವ್ವನ ಮುಂಗೈ ಮುರಿದಿತ್ತು. ಗದಗಿನ ದವಾಖಾನೆಯಲ್ಲಿ ಡಾಕ್ಟರ್ ಫರೀದಾ ಎಕ್ಸ್‌ರೇ ನೋಡಿ, ದಿನವೂ ಎಲ್ಲರನ್ನು ಕೇಳುವಂತೆಯೇ ಕೇಳಿದರು: “ಎಲುಬು ಕೂಡಿಸಬೇಕು. ಪದ್ಯ ಯಾರು ಕಟ್ಟತೀರಿ?”

ನೋವು ಮರೆಸಲು ಈಗ ಯಾರೂ ಇಂಜೆಕ್ಷನ್ ಕೊಡುವುದಿಲ್ಲ. ರೋಗಿಯನ್ನು ಬಲ್ಲವರು ಅಲ್ಲೇ ಒಂದು ಹೊಸ ಪದ್ಯ ಕಟ್ಟಿ ಕಿವಿಯಲ್ಲಿ ಹೇಳಿದರೆ ನೋವಿನ ಜಾಗ ಮರಗಟ್ಟುತ್ತದೆ. ಪದ್ಯ ಮಾತ್ರ ನಿಜವಾಗಿರಬೇಕು.

ಮಗ ಈರಣ್ಣ ಮೊದಲು ಬಗ್ಗಿದ. ಅವ್ವನನ್ನು ಚಂದ್ರನಿಗೂ ಗಂಗೆಗೂ ಹೋಲಿಸಿದ. ಡಾಕ್ಟರು ಕೈ ಮುಟ್ಟಿದೊಡನೆ ಬಸಲಿಂಗವ್ವ ಚೀರಿದಳು.

“ನಾ ಹೇಳ್ಲೇನ್ರಿ?” ಎಂದಳು ಸೊಸೆ ಕಸ್ತೂರಿ. ಅತ್ತೆ ಮುಖ ಆಚೆ ತಿರುಗಿಸಿದಳು. ಅವರಿಬ್ಬರ ನಡುವೆ ಮಾತು ಕಡಿಮೆ, ಆಡಿದರೂ ಬಿರುಸು. ಕಸ್ತೂರಿ ಆಚೆ ಬದಿಗೆ ಹೋಗಿ, ಅತ್ತೆಯ ಕಿವಿಯ ಹತ್ತಿರ ಬಗ್ಗಿ ನಿಧಾನವಾಗಿ ಹೇಳಿದಳು:

“ನಮ್ಮತ್ತಿ ನನ್ನ ಕುಬಸ ಹೊಲಿಯೂವಾಗ
ಬಾಯಿ ಬೈತಿತ್ತು, ಕೈ ಹೊಲೀತಿತ್ತು.
ಹೊಲಿಗಿ ಬಿಚ್ಚಿ ನೋಡಿದ್ರ ಒಳಗ
ಎರಡು ಬಟ್ಟು ಅಗಲ ಅರಿವಿ ಮಡಚಿಟ್ಟಿದ್ಲು,
ಬಸರಾದಾಗ ನನಗ ಬಿಗಿ ಆಗಬಾರದಂತ.”

ಬಸಲಿಂಗವ್ವನ ಹಣೆಯ ಗಂಟು ಸಡಿಲಾಯಿತು. ಡಾಕ್ಟರು ಕೈ ಎಳೆದು ಎಲುಬು ಕೂಡಿಸಿ, ಪಟ್ಟಿ ಸುತ್ತಿದರು. “ಇಷ್ಟು ಲಗೂ ಮರಗಟ್ಟಿದ್ದು ನಾ ನೋಡೇ ಇಲ್ಲ. ಆತು, ಮುಗೀತ್ರಿ ಅಮ್ಮಾ,” ಎಂದರು.

ಬಸಲಿಂಗವ್ವನಿಗೆ ಅದು ಕೇಳಿಸಲಿಲ್ಲ. ಅವಳು ಇನ್ನೊಂದು ಕೈಯಿಂದ ಸೊಸೆಯ ಸೆರಗು ಹಿಡಿದುಕೊಂಡು, “ಮುಂದ ಹೇಳವಾ,” ಎಂದಳು.