ನಾಲ್ಕನೆಯ ಪ್ರಶ್ನೆ

“ಇವರು ನನ್ನ ಹೆಂಡತಿ ಅಲ್ಲ,” ಎಂದ ಲಕ್ಷ್ಮೀಶ, ತಲೆಗೆ ಸುತ್ತಿದ್ದ ಬ್ಯಾಂಡೇಜು ಮುಟ್ಟಿಕೊಂಡು.

ಬರೆಯುತ್ತಿದ್ದ ಡಾಕ್ಟರ್ ಕಲ್ಲೇಶಪ್ಪ ತಲೆಯೆತ್ತಿದರು. ಹೆಸರು, ಊರು, ವಾರ ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದ್ದ. ಪಕ್ಕದಲ್ಲಿರುವವರು ಯಾರು ಎಂಬ ನಾಲ್ಕನೆಯ ಪ್ರಶ್ನೆಯಲ್ಲಿ ಎಡವಿದ್ದ.

ಮಂಚದ ಪಕ್ಕದಲ್ಲಿದ್ದ ಲತಾಮಣಿ ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಎಳೆದುಕೊಂಡಳು. ಹಾರನಹಳ್ಳಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಎಚ್ಚರ ತಪ್ಪಿದ್ದವನನ್ನು, ತಾನು ಕೂತಿದ್ದ ಟೆಂಪೋಗೆ ಎತ್ತಿಸಿಕೊಂಡು ಅರಸೀಕೆರೆಯ ಈ ನರ್ಸಿಂಗ್ ಹೋಮಿಗೆ ತಂದವಳು ಅವಳೇ. ಸೇರಿಸಿಕೊಳ್ಳಲು ಸಂಬಂಧಿಕರ ಸಹಿ ಬೇಕೆಂದಾಗ ‘ಹೆಂಡತಿ’ ಎಂದು ಬರೆದು ಸಹಿ ಹಾಕಿದ್ದಳು. ಅವನ ವಯಸ್ಸು ಕೇಳಿದರೆ ತಟ್ಟನೆ ಹೇಳಿದ್ದಳು. ದಿನಾ ಮಾತ್ರೆ ಏನಾದರೂ ನುಂಗುತ್ತಾನೆಯೇ ಎಂದರೆ ಗೊತ್ತಿಲ್ಲ ಎಂದಿದ್ದಳು.

“ಗಂಡ ಏನ್ ನುಂಗ್ತಾನೆ ಅಂತ್ಲೂ ನೋಡಾಕಿಲ್ವೇನವ್ವ?” ಎಂದಿದ್ದಳು ನರ್ಸ್ ಮುತ್ತಮ್ಮ.

“ಹಾಗಾದ್ರೆ ಯಾರಪ್ಪ ಇವರು?” ಡಾಕ್ಟರು ಈಗ ಲಕ್ಷ್ಮೀಶನನ್ನು ಕೇಳಿದರು.

“ಲತಾಮಣಿ. ಬಿ.ಎ. ಎತ್ತರ ಐದಡಿ ಎರಡಂಗುಲ.” ಸ್ವಲ್ಪ ಯೋಚಿಸಿ ಸೇರಿಸಿದ: “ಕೇಸರಿಬಾತ್ ಚೆನ್ನಾಗಿತ್ತು ಅಂತ ಅವರಮ್ಮನಿಗೆ ಹೇಳಿ.”

ಮುತ್ತಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರು ನಗಲಿಲ್ಲ. ಹೆಂಡತಿಯ ಎತ್ತರ ನೆನಪಿದ್ದು, ಅವಳು ಹೆಂಡತಿ ಎಂಬುದೇ ಮರೆತಿದ್ದರೆ ತಲೆಯೊಳಗೆ ರಕ್ತ ಸೋರುತ್ತಿರಬಹುದು. ಅಷ್ಟರಲ್ಲಿ ರೋಗಿ, ಇವರಿಗೆ ತೊಂದರೆ ಬೇಡ, ಮನೆಗೆ ಹೋಗುತ್ತೇನೆ ಎಂದು ಮಂಚದಿಂದ ಇಳಿಯತೊಡಗಿದ.

ಅವನನ್ನು ಮಲಗಿಸಿ, ಡಾಕ್ಟರು ಲತಾಮಣಿಯನ್ನು ಬಾಗಿಲ ಬಳಿ ಕರೆದು ವಿವರಿಸಿದರು. ಬೆಂಗಳೂರಿಗೆ ಕಳಿಸಬೇಕು. ದಾರಿಯಲ್ಲಿ ಹೀಗೆ ಏಳುವುದು, ಒದ್ದಾಡುವುದು ಆಗಬಾರದು. ನಿದ್ದೆಯ ಮದ್ದಿನ ಜೊತೆ ಸ್ನಾಯುಗಳನ್ನು ಸಡಿಲಿಸುವ ಇಂಜೆಕ್ಷನ್ ಕೊಟ್ಟು ಗಂಟಲಿಗೆ ಕೊಳವೆ ಇಳಿಸಬೇಕು. ಅದರಲ್ಲೂ ಅಪಾಯವಿದೆ. ಉಸಿರು ತಾನಾಗಿ ಆಡುವುದಿಲ್ಲ, ಪಕ್ಕದಲ್ಲಿ ಕೂತವರೇ ಕೊಡಬೇಕು. ತಲೆಯೊಳಗಿನ ಒತ್ತಡ ಏರಬಹುದು. ಕೈಕಾಲು ಆಡುವುದಿಲ್ಲ, ಮಾತು ಹೊರಡುವುದಿಲ್ಲ, ಒಳಗೆ ಕೆಡುತ್ತಿದ್ದರೂ ಹೊರಗಿನವರಿಗೆ ತಿಳಿಯುವುದು ಕಷ್ಟ.

“ಬುದ್ಧಿ ನೆಟ್ಟಗಿದ್ದಿದ್ರೆ ಇದ್ಯಾವುದೂ ಬೇಕಿರ್ಲಿಲ್ಲ ಕಣಮ್ಮ. ಇಲ್ಲೇ ಮಲಗಿಸಿಕೊಂಡು ನೋಡ್ತಿದ್ದೆ,” ಎಂದು ಕಾಗದ ಚಾಚಿದರು. “ಹೆಂಡತಿ ಸಹಿ ಬೇಕು.”

ಮುತ್ತಮ್ಮ ಸಿರಿಂಜಿಗೆ ಮದ್ದು ಎಳೆಯುತ್ತಿದ್ದಳು. ಲತಾಮಣಿ ಕಾಗದವನ್ನು ನೋಡಿದಳು, ಅವನನ್ನು ನೋಡಿದಳು. ಸಹಿ ಹಾಕದೆ ಕಾಗದವನ್ನು ಹಿಂದಕ್ಕೆ ಕೊಟ್ಟಳು.

“ಅವರ ತಲೆ ಸರಿಯಾಗೇ ಇದೆ, ಡಾಕ್ಟ್ರೇ. ಬೆಳಿಗ್ಗೆ ನಮ್ಮನೆಗೆ ಹೆಣ್ಣು ನೋಡೋಕೆ ಬಂದಿದ್ರು. ಬೇಡ ಅಂದಿದ್ದು ನಾನೇ.”