ಫಕೀರೇಶ ಹೇಳಿದ ‘ಆತ್ರೀ’

ಇದು ನಗಿಸುವ ಕಥೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ... ಆದರೂ ಪೂರ್ತಿ ಓದಿ.

ಗದಗಿನಲ್ಲಿ ಶಿವಲೀಲಾ ಅಂತ ಒಬ್ಬ ಹೆಣ್ಣುಮಗಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವುದು ಅವರ ಕಸುಬು.

ಊರಿನ ಗಿರಾಕಿ ಸಾಲದು, ಬೆಂಗಳೂರು, ಪುಣೆಗೂ ಮಾರಬೇಕು ಅಂತ ಆನ್‌ಲೈನ್ ಅಂಗಡಿ ತೆರೆಯಲು ಹೊರಟರು. ಅದಕ್ಕೆ ಪೇಮೆಂಟ್ ಜೋಡಿಸಿಕೊಡುವ ಡೆವಲಪರ್ ಬೇಕಿತ್ತು.

ಸಿಕ್ಕವನು ಬೆಟಗೇರಿಯ ಫಕೀರೇಶ. ಮನೆಯಲ್ಲೇ ಕೂತು ಸಣ್ಣಪುಟ್ಟ ಅಂಗಡಿಗಳ ವೆಬ್‌ಸೈಟ್ ಮಾಡುವ ಹುಡುಗ.

ಆಗಷ್ಟೇ ಅವನ ಮದುವೆ ನಿಶ್ಚಯವಾಗಿತ್ತು. ಅವನ ತಾಯಿಗೆ ಓಣಿಯವರಿಗೆಲ್ಲ ಹೇಳಿ ಹೇಳಿ ಬಾಯಿ ಸೋತಿರಲಿಲ್ಲ...

ಕೆಲಸ ಬಹುತೇಕ ಮುಗಿದಿತ್ತು. ಬ್ಯಾಂಕಿನ ಒಪ್ಪಿಗೆ ಒಂದು ಬಾಕಿ. ಅಲ್ಲಿಯವರೆಗೆ ಅಂಗಡಿ ‘ಟೆಸ್ಟ್ ಮೋಡ್’ನಲ್ಲಿತ್ತು.

ಟೆಸ್ಟ್ ಮೋಡ್ ಎಂದರೆ ಬರೀ ತಾಲೀಮು. ಬಟನ್ ಒತ್ತಿದರೆ ‘ಪೇಮೆಂಟ್ ಸಕ್ಸೆಸ್’ ಅಂತ ಬರುತ್ತದೆ, ದುಡ್ಡು ಮಾತ್ರ ಯಾರ ಖಾತೆಯಿಂದಲೂ ಕದಲುವುದಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ಶಿವಲೀಲಾ ಫೋನ್ ಹಚ್ಚಿದರು.

“ತಮ್ಮಾ, ಹಬ್ಬದ ಗಿರಾಕಿ ಬರೂ ಹೊತ್ತಾತು. ಪೇಮೆಂಟ್ ಲೈವ್ ಮಾಡಪಾ.”

“ಆತ್ರೀ ಅಕ್ಕಾರ...”

ಅವನು ಇನ್ನೂ ಏನೋ ಹೇಳುವವನಿದ್ದ. ಅಕ್ಕ ಖುಷಿಯಲ್ಲಿ ಫೋನ್ ಇಟ್ಟಾಗಿತ್ತು.

ಅವತ್ತೇ ಎಲ್ಲ ವಾಟ್ಸಾಪ್ ಗ್ರೂಪುಗಳಿಗೆ ಅಂಗಡಿಯ ಲಿಂಕ್ ಹೋಯಿತು. ಆರ್ಡರುಗಳು ಸುರಿದವು. ಶಿವಲೀಲಾ ಹತ್ತಿರ ಕೆಲಸಕ್ಕಿದ್ದ ಹೆಣ್ಣುಮಕ್ಕಳು ಪುರುಸೊತ್ತಿಲ್ಲದೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದರು. ಪಾರ್ಸಲ್‌ಗಳು ಊರೂರಿಗೆ ಹೋದವು.

ಹಬ್ಬ ಮುಗಿದ ಮೇಲೆ ಬ್ಯಾಂಕ್ ಖಾತೆ ನೋಡಿದರೆ... ಏನೂ ಇಲ್ಲ.

ತಮ್ಮ ಖಾತೆಯಿಂದ ದುಡ್ಡು ಕಟ್ ಆಗದಿದ್ದದ್ದು ಗಿರಾಕಿಗಳಿಗೂ ಗೊತ್ತಾಗಿರಬೇಕು. ರೊಟ್ಟಿ ತಿಂದು ಎಲ್ಲರೂ ತಣ್ಣಗೆ ಕೂತರು. ನಮ್ಮ ಜನ!

ಶಿವಲೀಲಾ ಒಂದೇ ಲೆಕ್ಕ ಹಾಕಿದರು. ಪೇಮೆಂಟ್ ಜೋಡಿಸಿದವನು ಫಕೀರೇಶ, ಅಂದಮೇಲೆ ದುಡ್ಡು ನುಂಗಿದವನೂ ಅವನೇ!

ಅವನ ಫೋಟೋ ಹಾಕಿ ಎಲ್ಲ ಗ್ರೂಪುಗಳಿಗೆ ಬರೆದರು: “ಹುಷಾರ್! ಇವನು ಮೋಸಗಾರ. ನನ್ನ ಹಬ್ಬದ ದುಡ್ಡೆಲ್ಲ ನುಂಗಿದ್ದಾನೆ. ಎಲ್ಲರಿಗೂ ಕಳಿಸಿ.”

ಕಳಿಸಿ, ಅವನ ನಂಬರ್ ಬ್ಲಾಕ್ ಮಾಡಿದರು.

ಜನ ಕಳಿಸಿದರು... ಎಷ್ಟು ಚೆನ್ನಾಗಿ ಕಳಿಸಿದರು ಅಂದರೆ, ಸಂಜೆಯೊಳಗೆ ಆ ಫೋಟೋ ಗದಗ ದಾಟಿತ್ತು.

ಕೆಲವು ದಿನ ಕಳೆದವು. ಹುಬ್ಬಳ್ಳಿಯ ಗಿರಾಕಿಯೊಬ್ಬರು ಶಿವಲೀಲಾಗೆ ಫೋನ್ ಮಾಡಿ ರೇಗಿದರು.

“ನಿನ್ನಿ ಚಟ್ನಿ ಕಳಸ್ರಿ ಅಂದ್ರ ‘ಆತ್ರೀ’ ಅಂದ್ರಿ. ಬಸ್ ಸ್ಟ್ಯಾಂಡಿಗೆ ಬಂದು ನೋಡಿದ್ರ ಪಾರ್ಸಲ್ಲ ಇಲ್ಲ! ಸುಳ್ಳ ಯಾಕ ಹೇಳಿದ್ರಿ?”

ಶಿವಲೀಲಾಗೂ ಸಿಟ್ಟು ಬಂತು.

“ಸುಳ್ಳಲ್ರೀ! ಆತ್ರೀ ಅಂದ್ರ ಕಳಸ್ತೀನಿ ಅಂತ. ಕಳಿಸಿ ಮುಗದೈತಿ ಅಂತ ಯಾರಂದ್ರು?”

ಹಾಗೆಂದ ಮೇಲೆ ಅವರಿಗೇ ಹೊಳೆಯಿತು...

ಫಕೀರೇಶನೂ ಅಂದಿದ್ದು ಅದನ್ನೇ. ಅವನು ‘ಮಾಡುತ್ತೇನೆ’ ಅಂದಿದ್ದ. ತಾವು ‘ಮಾಡಿ ಆಯಿತು’ ಅಂತ ಕೇಳಿಸಿಕೊಂಡಿದ್ದರು!

ಆಟೋ ಹಿಡಿದು ಬೆಟಗೇರಿಗೆ ಓಡಿದರು.

ಬಾಗಿಲು ತೆಗೆದ ತಾಯಿ ಗುರುತು ಹಿಡಿದಳು. ಬೈಯಲಿಲ್ಲ. ಒಳಗೆ ಕರೆದು ಕುಡಿಯಲು ನೀರು ಕೊಟ್ಟಳು.

ಫಕೀರೇಶ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ. ಅವನಿಗೆ ಕೆಲಸ ಕೊಡುತ್ತಿದ್ದ ಅಂಗಡಿಯವರೆಲ್ಲ ಅವನನ್ನು ಬಿಟ್ಟಿದ್ದರು. ಗೋವಾಕ್ಕೆ ಕೂಲಿಗೆ ಹೊರಟಿದ್ದ.

“ಬ್ಯಾಂಕಿನವ್ರು ಒಪ್ಪಿಗಿ ಕೊಟ್ಟಿಂದ ಲೈವ್ ಮಾಡ್ತೀನಿ ಅನ್ನಾಕತ್ತಿದ್ದೆ ಅಕ್ಕಾರ, ಅಷ್ಟರಾಗ ಫೋನ್ ಇಟ್ರಿ. ತಿರುಗಿ ಹಚ್ಚಿದೆ, ಬರೇ ಬಿಜಿ. ಮೆಸೇಜ್ ಹಾಕಿದೆ, ನೋಡ್ಲಿಲ್ಲ. ಆಮ್ಯಾಲ ಬ್ಲಾಕ್ ಮಾಡಿದ್ರಿ...”

“ತಪ್ಪಾತಪಾ... ಎಲ್ಲಾರಿಗೂ ಹೇಳ್ತೀನಿ. ನೀ ಹೋಗಬ್ಯಾಡ. ಮದಿವಿ ಹುಡುಗ...”

ಆಗ ತಾಯಿ ಬಾಯಿ ಬಿಟ್ಟಳು.

“ಎಲ್ಲಿ ಮದಿವಿ? ಹುಡುಗಿ ಮನಿಯವ್ರ ಗ್ರೂಪಿಗೂ ಹೋಗೇತಿ ಆ ಫೋಟೋ. ಮುರಕೊಂಡ ಹೋದ್ರು. ನಿಮ್ಮ ದುಡ್ಡ ನೀವು ನಾಳೆ ದುಡಕೋತೀರವ್ವಾ... ನನ್ನ ಮಗನ ಹೆಸರ ನಾ ಎಲ್ಲಿಂದ ತರ್ಲಿ?”

ಶಿವಲೀಲಾ ಅಲ್ಲೇ ಕುಸಿದು ಅತ್ತರು. ಯಾರೂ ಸಮಾಧಾನ ಮಾಡಲಿಲ್ಲ.

ಮನೆಗೆ ಬಂದು ಅವೇ ಗ್ರೂಪುಗಳಿಗೆ ಬರೆದರು: “ತಪ್ಪು ನನ್ನದು. ಫಕೀರೇಶ ನನ್ನ ದುಡ್ಡು ಮುಟ್ಟಿಲ್ಲ. ಕೈ ಮುಗಿಯುತ್ತೇನೆ, ಎಲ್ಲರಿಗೂ ಕಳಿಸಿ.”

ಒಂದಿಬ್ಬರು ಹೆಬ್ಬೆರಳು ಎತ್ತಿದರು. ಯಾರೋ ಗುಲಾಬಿ ಹೂವಿನ ಶುಭಸಂಜೆ ಹಾಕಿದರು. ಮೆಸೇಜು ಮೇಲೆ ಸರಿದುಹೋಯಿತು.

ಅದನ್ನು ಒಬ್ಬರೂ ಫಾರ್ವರ್ಡ್ ಮಾಡಲಿಲ್ಲ.

ಫಕೀರೇಶ ಈಗ ಗೋವಾದಲ್ಲಿ ಲಾರಿಗೆ ಮೂಟೆ ಹೇರುತ್ತಾನೆ. ‘ಹುಷಾರ್! ಇವನು ಮೋಸಗಾರ’ ಅನ್ನುವ ಫೋಟೋ ಮಾತ್ರ ಈಗಲೂ ಯಾವುದಾದರೂ ಹೊಸ ಗ್ರೂಪಿಗೆ ಬರುತ್ತಲೇ ಇರುತ್ತದೆ...

ಒಬ್ಬರ ಹೆಸರು ಕೆಡಿಸುವ ಮುನ್ನ ಅವರ ಮಾತನ್ನು ಪೂರ್ತಿ ಕೇಳಿ.

ನೀವು ಕೊನೆಯ ಸಲ ಫಾರ್ವರ್ಡ್ ಮಾಡಿದ ಆ ‘ಮೋಸಗಾರ’... ಅವನನ್ನು ಯಾರಾದರೂ ಒಂದು ಮಾತು ಕೇಳಿದ್ದರಾ?