ಮಾತು ನಂಬಿದ ಕಂಪೈಲರ್

"ಏನಮ್ಮಾ, ನಿನ್ನ ಈ ಸಾಲನ್ನ ಹೊಸ ಭಾಷೆ ಒಪ್ತಾನೇ ಇಲ್ಲ," ಎಂದ ಪಕ್ಕದ ಮೇಜಿನವನು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ ಅವಳು ಸಿ ಭಾಷೆಯಲ್ಲಿ ಬರೆದಿದ್ದ ಪ್ರೋಗ್ರಾಮನ್ನು ಅವನು ಹೊಸ ಭಾಷೆಗೆ ತರುತ್ತಿದ್ದ. "ಮೆಮೊರಿಲಿ ಒಂದೇ ಜಾಗಕ್ಕೆ ಎರಡು ಪಾಯಿಂಟರ್ ಕೈ ಹಾಕ್ತಿವೆ ಅಂತ ತಕರಾರು."

"ಮೊಸರಲ್ಲೂ ಕಲ್ಲು ಹುಡುಕೋ ಕಂಪೈಲರ್ ಅದು," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಶಾಖದ ಮಿತಿಯನ್ನು ಬದಲಿಸಲು, ಅದಿರುವ ಜಾಗ ತೋರಿಸುವ ಒಂದು ಪಾಯಿಂಟರ್, ಅದನ್ನು ಓದಿ ಹೀಟರ್ ನಡೆಸಲು ಇನ್ನೊಂದು. ಎರಡೂ ತೋರಿಸುವ ಜಾಗ ಬೇರೆ ಬೇರೆ ಎಂದು, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಿ ಕಂಪೈಲರ್‌ಗೆ ಅವಳೇ ಮಾತು ಕೊಟ್ಟಿದ್ದಳು. ಅದಕ್ಕೆ ಬೇಕಾದದ್ದು ಒಂದೇ ಪದ. ಅದನ್ನು ಸೇರಿಸಿದ್ದೇ ತಡ, ಒಮ್ಮೆ ಓದಿದ್ದನ್ನು ಮತ್ತೆ ಮತ್ತೆ ಓದುವ ಕೆಲಸ ತಪ್ಪಿ ಪ್ರೋಗ್ರಾಮು ಚುರುಕಾಗಿತ್ತು. ಆಮೇಲೊಂದು ದಿನ ಮೆಮೊರಿ ಉಳಿಸಲು ಆ ಎರಡು ಜಾಗಗಳನ್ನು ಒಂದಾಗಿಸಿದವಳೂ ಅವಳೇ. ಕೊಟ್ಟ ಮಾತನ್ನು ಅಳಿಸುವುದು ಮರೆತೇಹೋಗಿತ್ತು.

"ಕಂಪೈಲರ್ ಚುರುಕು ಮಾಡೋ ಆ ಆಪ್ಟಿಮೈಸೇಷನ್ ತೆಗೆದು ನನ್ನ ಹಳೇ ಪ್ರೋಗ್ರಾಮ್ ಓಡಿಸು," ಎಂದಳು. ಮೇಜಿನ ಮೇಲಿದ್ದ ಖಾಲಿ ಪೆಟ್ಟಿಗೆಯ ಮಿತಿ ಇಳಿಸಿದರು. ಹೀಟರ್ ಆರಿತು.

"ಈಗ ಹಾಕಿ ಓಡಿಸು."

ಮತ್ತೆ ಮಿತಿ ಇಳಿಸಿದಾಗ ಪರದೆಯ ಮೇಲೆ ಅಂಕಿ ಇಳಿಯಿತು. ಹೀಟರಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು.

"ಹಳೇ ಮಿತೀನೇ ಹಿಡ್ಕೊಂಡು ಕೂತಿದೆ! ಮತ್ತೆ ಓದ್ತಾನೇ ಇಲ್ಲ. ಇದು ಕಂಪೈಲರ್ ತಪ್ಪು."

"ಅದರದ್ದಲ್ಲ ಕಣೋ. ಮಿತಿ ಬದಲಾಗಲ್ಲ ಅಂತ ಅದಕ್ಕೆ ಹೇಳಿದ್ದು ನಾನು. ಪಾಪ, ನಂಬ್ತು."

ಪ್ರಯೋಗಕ್ಕೆಂದು ಆಸ್ಪತ್ರೆಗೆ ಕೊಟ್ಟ ಮೊದಲ ಪೆಟ್ಟಿಗೆಯಲ್ಲಿ ಮಲಗಿದ್ದದ್ದು ಅವಳ ಸ್ವಂತ ತಂಗಿಯ ಕೂಸು. ಫೋನಿನಲ್ಲಿ ತಂಗಿಯ ಹೆಸರು ಹುಡುಕಿ ಕರೆ ಮಾಡಿದಳು.

"ಪೆಟ್ಟಿಗೆ ಶಾಖ ಯಾರಾದ್ರೂ ಇಳಿಸಿದ್ರೇನೇ?"

"ಹೂಂ ಅಕ್ಕಾ, ಬೆಳಗ್ಗೆ ನರ್ಸ್ ಇಳಿಸಿದ್ರು. ಪರದೇಲಿ ಸರಿಯಾಗೇ ತೋರಿಸ್ತಿದೆ. ಯಾಕೆ?"

"ಪರದೆ ಹಾಳಾಗ್ಲಿ! ನರ್ಸನ್ನ ಕೂಗು, ಪ್ಲಗ್ ಕೀಳ್ಸು! ಮಗೂನ ಮುಟ್ಟಿ ನೋಡಿದ್ಯಾ? ಮೈ ಹೇಗಿದೆ?"

ತಂಗಿ ಕೂಗಿದ್ದು, ಯಾರೋ ಓಡಿಬಂದದ್ದು, ಪೆಟ್ಟಿಗೆಯ ಪುಟ್ಟ ಬಾಗಿಲು ತೆರೆದದ್ದು ಎಲ್ಲವೂ ಕೇಳಿಸಿತು. ಕೊನೆಗೆ ತಂಗಿಯ ದನಿ ಬಂತು.

"ಬೆಳಗ್ಗೆಯಿಂದ ಮುಟ್ಟೇ ಇಲ್ಲ ಅಕ್ಕಾ. ಪದೇ ಪದೇ ನೋಡೋದು ಬೇಡ, ಎಲ್ಲಾ ಪೆಟ್ಟಿಗೆ ನೋಡ್ಕೊಳ್ಳುತ್ತೆ ಅಂತ ನೀನೇ ಹೇಳಿದ್ದೆಯಲ್ಲ."